ನಾನೂ ತಿಂದಿದ್ದ ಹಲಸಿನ ಗಟ್ಟಿ

ಧನ್ಯಾ, ಚೇತನ್,

ನಿಮ್ಮ ಗಿರಿಜಜ್ಜಿಯ ಬದುಕನ್ನು ಕೆಡಿಸಿದವಳು ನಾನು. ಒಂದು ಸುಳ್ಳು ಹೇಳಿ ಕೆಡಿಸಿದೆ. ಆ ಸುಳ್ಳನ್ನು ಹೇಳಿಸಿದ್ದು ನನ್ನ ಹೊಟ್ಟೆಕಿಚ್ಚು. ಇದನ್ನು ಮೊದಲೇ ಬರೆದುಬಿಡುತ್ತೇನೆ — ನಿಧಾನಕ್ಕೆ ಹೇಳೋಣವೆಂದು ಹೊರಟರೆ ನನ್ನ ಕೈ ಬೇರೇನೋ ಬರೆದು ಮುಗಿಸೀತು.

ಕಳೆದ ವಾರ ಜಗಲಿಯಲ್ಲಿ ನೀವಿಬ್ಬರೂ ವಾದಕ್ಕೆ ಬಿದ್ದಿದ್ದಿರಿ. ಇಬ್ಬರು ಹುಡುಗಿಯರು ಜೊತೆಯಾಗಿ ಬಾಳುತ್ತಿರುವ ಸುದ್ದಿ ಮೊಬೈಲಿನಲ್ಲಿ ಬಂದಿತ್ತು. ಹೆಣ್ಣು ಹೆಣ್ಣನ್ನು ಬಯಸುವುದು ಧರ್ಮಕ್ಕೆ ವಿರುದ್ಧ ಎಂದ ಚೇತನ್. ಮೂಡುಬಿದಿರೆಯಲ್ಲಿ ನರ್ಸಿಂಗ್ ಓದುವ ಧನ್ಯಾ ಬಿಡಲಿಲ್ಲ.

"ಅದು ರೋಗ ಅಲ್ಲ ಮಾರಾಯ. ನಮ್ಮ ಮನಶ್ಶಾಸ್ತ್ರದ ಪಾಠದಲ್ಲೇ ಉಂಟು. ಹುಟ್ಟಿನಿಂದ ಬಂದದ್ದು ಎಷ್ಟು, ಆಮೇಲಿನದ್ದು ಎಷ್ಟು ಅಂತ ವಿಜ್ಞಾನಿಗಳೇ ಇನ್ನೂ ಹುಡುಕ್ತಾ ಇದ್ದಾರೆ. ಮದ್ದು ಕೊಟ್ಟು ತೆಗೆಯುವಂಥದ್ದು ಅಲ್ಲ, ಅಷ್ಟು ಗೊತ್ತುಂಟು."

"ಬಂದಳು ದೊಡ್ಡ ಡಾಕ್ಟ್ರು," ಎಂದು ಚೇತನ್ ನನ್ನ ಕಡೆ ತಿರುಗಿದ. "ಅಜ್ಜೀ, ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಇತ್ತಾ? ಸ್ವಲ್ಪ ಹೇಳಿ ಇವಳಿಗೆ."

"ಇರಲಿಲ್ಲ ಮಗಾ," ಎಂದೆ. ಹಾಗೆಂದು ಒಳಗೆ ಎದ್ದು ಹೋದೆ. ಮೊದಲ ಸುಳ್ಳಿಗೆ ಇನ್ನೊಂದು ಸುಳ್ಳಿನ ಮುಚ್ಚಳ ಹಾಕಿ ಬಂದಿದ್ದೆ.

ಇತ್ತು. ನಮ್ಮ ಮನೆಯಲ್ಲೇ ಇತ್ತು.

ನಾನು ಮದುವೆಯಾಗಿ ಪುಂಜಾಲಕಟ್ಟೆಯ ಈ ಮನೆಗೆ ಬಂದಾಗ ನಿಮ್ಮ ಅಜ್ಜ ಮುಂಬಯಿಯ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು. ಅತ್ತೆ ಮಾತು ಕಡಿಮೆ. ನನಗೋ, ಬಾಯಿ ಬಿಡಲು ನಾಚಿಕೆ. ಆ ಮನೆಯಲ್ಲಿ ನನ್ನನ್ನು ಮಾತನಾಡಿಸಿದವಳು ಅಜ್ಜನ ತಂಗಿ ಗಿರಿಜಾ ಒಬ್ಬಳೇ. ನನ್ನದೇ ಪ್ರಾಯ. ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವುದನ್ನು ಅವಳೇ ಕಲಿಸಿದಳು. ಎಲೆ ಸುರುಟಿ ಅದರ ತುದಿಯನ್ನು ಉಗುರಿನಿಂದ ಒಳಗೆ ಮಡಚುವುದು ನನಗೆ ಬರುತ್ತಿರಲಿಲ್ಲ. ನನ್ನ ಬೆರಳು ಹಿಡಿದು ಮಡಚಿಸುತ್ತಿದ್ದಳು. ಬಂದ ಮೇಲೂ — ಬರುವುದಿಲ್ಲ ಎಂದೇ ಎಷ್ಟೋ ದಿನ ಹೇಳಿದೆ.

ಆಮೇಲೆ ಲೀಲಾ ಬಂದಳು. ಗುಡ್ಡೆಯ ಆಚೆ ಬದಿಯ ಹುಡುಗಿ. ಮಧ್ಯಾಹ್ನ ಊಟವಾದ ಮೇಲೆ ತಡ್ಪೆ ಹಿಡಿದುಕೊಂಡು ಬಂದರೆ ಸಂಜೆಯವರೆಗೆ ಗಿರಿಜಾಳ ಚಾಪೆಯ ಮೇಲೆ. ಒಬ್ಬಳು ಎಲೆ ಕತ್ತರಿಸಿದರೆ ಇನ್ನೊಬ್ಬಳು ಸುರುಟುವುದು. ಇಬ್ಬರ ಮೊಣಕಾಲು ತಾಗಿಕೊಂಡೇ ಇರುತ್ತಿತ್ತು. ನಾನು ಹೋದರೆ ಅವರ ನಗು ನಿಲ್ಲುತ್ತಿತ್ತು. ಲೀಲಾ ಕೆಟ್ಟವಳಲ್ಲ. "ಅತ್ತಿಗೇ, ಕೂತ್ಕೊಳ್ಳಿ, ನಿಮ್ಮ ಬೀಡಿ ಗರ್ಭಿಣಿಯ ಹಾಗೆ ಉಂಟಲ್ಲ," ಎಂದು ತಮಾಷೆ ಮಾಡುತ್ತಿದ್ದಳು. ಗಿರಿಜಾ ನಕ್ಕಳೆಂದರೆ ನನಗೆ ಎದೆಯೊಳಗೆ ಮೆಣಸು ಅರೆದ ಹಾಗಾಗುತ್ತಿತ್ತು.

ಒಂದು ದಿನ ನೋಡಿದೆ. ಗಿರಿಜಾ ಲೀಲಾಳ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಲೀಲಾ ಅವಳ ಕಿವಿಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾನು ಕಂಡಿಲ್ಲ, ಕಂಡೆನೆಂದು ಬರೆಯುವುದೂ ಇಲ್ಲ. ನಿಮ್ಮ ಅಜ್ಜನಿಗೆ ಮುಂಬಯಿಯಲ್ಲಿ ಇನ್ನೊಬ್ಬಳಿದ್ದಾಳೆಂದು ಯಾರಾದರೂ ಹೇಳಿದ್ದರೂ ನಾನು ಅಷ್ಟು ಉರಿಯುತ್ತಿರಲಿಲ್ಲ. ಆ ಉರಿಗೆ ಹೆಸರೇನು — ಧನ್ಯಾಳ ಪಾಠದಲ್ಲಿ ಇರಬಹುದು. ಕೇಳುವ ಧೈರ್ಯ ನನಗಿಲ್ಲ.

ಗಿರಿಜಾ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಅತ್ತೆ ಅವಳನ್ನು ಬಂಟ್ವಾಳದ ಡಾಕ್ಟರಮ್ಮನಲ್ಲಿಗೆ ಕರೆದುಕೊಂಡು ಹೋದರು. ಶರೀರದಲ್ಲಿ ದೋಷವಿಲ್ಲ, ಮದುವೆ ಮಾಡಿದರೆ ಮನಸ್ಸು ತಾನಾಗಿ ತಿರುಗುತ್ತದೆ ಎಂದರಂತೆ. ಅದರಿಂದ ಸಮಾಧಾನವಾಗದೆ ಮನೆಯಲ್ಲಿ ಜೋಯಿಸರನ್ನು ಕೂರಿಸಿ ಪ್ರಶ್ನೆ ಇಡಿಸಿದರು. ಗಿರಿಜಾಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಜೋಯಿಸರು ಕವಡೆ ಸರಿಸಿ ನೋಡಿ, ಇದು ಕೈವಿಷದ ಲಕ್ಷಣ ಎಂದರು. ಮನುಷ್ಯರನ್ನು ವಶಮಾಡಿಕೊಳ್ಳಲು ತಿಂಡಿಯಲ್ಲಿ ಬೆರೆಸಿ ಕೊಡುವ ಮದ್ದನ್ನು ನಮ್ಮ ಕಡೆ ಕೈವಿಷ ಎನ್ನುತ್ತಾರೆ.

"ಹೊರಗಿನ ಹೆಂಗಸರ ಕೈಯಿಂದ ಇವಳೊಬ್ಬಳೇ ಏನಾದರೂ ತಿಂದದ್ದು ಉಂಟಾ?"

ಎಲ್ಲರೂ ನನ್ನನ್ನು ನೋಡಿದರು. ಹಗಲಿಡೀ ಮನೆಯಲ್ಲಿರುವವಳು ನಾನು.

ಆ ಮಳೆಗಾಲದ ಆಟಿ ತಿಂಗಳಲ್ಲಿ ಲೀಲಾ ಸಾಗುವಾನಿ ಎಲೆಯಲ್ಲಿ ಬೇಯಿಸಿದ ಹಲಸಿನ ಗಟ್ಟಿ ತಂದಿದ್ದಳು. ಗಿರಿಜಾಳಿಗೆ ಕೊಟ್ಟಳು. ನನಗೂ ಕೊಟ್ಟಳು. ಒಂದೇ ಪಾತ್ರೆಯದ್ದು. ನಾನೂ ತಿಂದಿದ್ದೆ, ಬೆರಳು ನೆಕ್ಕಿದ್ದೆ. ಅಷ್ಟು ಹೇಳಿದ್ದರೆ ಸಾಕಿತ್ತು — ಇಬ್ಬರೂ ತಿಂದದ್ದು ಕೈವಿಷವಾಗುವುದಿಲ್ಲ ಎಂದು ಜೋಯಿಸರೇ ಮುಂದಿನ ಕವಡೆಗೆ ಹೋಗುತ್ತಿದ್ದರು.

"ಉಂಟು," ಎಂದೆ. "ಲೀಲಾ ಗಟ್ಟಿ ತಂದಿದ್ದಳು. ಗಿರಿಜಾಳಿಗೆ ಮಾತ್ರ ಕೊಟ್ಟಳು. ನನಗೆ ಕೊಡಲಿಲ್ಲ."

ಅಷ್ಟು ಜನರ ಮುಂದೆ ನಾನು ತಡವರಿಸದೆ ಆಡಿದ ಮೊದಲ ಮಾತು ಅದು.

ಲೀಲಾಳ ಗಟ್ಟಿಯಲ್ಲಿ ಕೈವಿಷವಿತ್ತೆಂದು ಮಾತ್ರ ಗಿರಿಜಾಳಿಗೆ ಹೇಳಿ, ಅದನ್ನು ತೆಗೆಸುವಲ್ಲಿಗೆ ಅವಳನ್ನು ಕರೆದುಕೊಂಡು ಹೋದೆವು. ಮದ್ದು ಕುಡಿಸಿದರು. ಅವಳು ಕಾರಿದಳು. ನಾನೇ ಅವಳ ಹಣೆ ಹಿಡಿದುಕೊಂಡಿದ್ದೆ. "ಇಗೋ, ಬಂತು," ಎಂದು ಅವರು ಏನನ್ನೋ ತೋರಿಸಿದರು. ಗಿರಿಜಾ ಅದನ್ನೇ ನೋಡುತ್ತ ಕುಳಿತಳು. ಆಮೇಲೆ ನನ್ನ ಕೈ ಹಿಡಿದು, ಬೇರೆಯವರಿಗೆ ಕೇಳಿಸದ ಹಾಗೆ, "ಅತ್ತಿಗೇ, ಅವತ್ತು ನೀವು ಕೂಡ ತಿಂದಿದ್ದಿರಿ. ನೀವೂ ಮದ್ದು ಕುಡಿಯಿರಿ. ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಡಿ," ಎಂದಳು.

ಅವಳಿಗೆ ನನ್ನ ಚಿಂತೆ. ನನ್ನ ಮೇಲೆ ಅನುಮಾನವೇ ಬರಲಿಲ್ಲ. ಬಂದದ್ದು ಲೀಲಾಳ ಮೇಲೆ.

ನಾನು, "ನನಗೇನೂ ಆಗುವುದಿಲ್ಲ," ಎಂದೆ. ಆಗಲೂ ಹೇಳಬಹುದಿತ್ತು.

ಒಮ್ಮೆ ಲೀಲಾ ಅಂಗಳದವರೆಗೆ ಬಂದಳು. ಗಿರಿಜಾ ಹೊರಗೆ ಬರಲಿಲ್ಲ. "ಅವಳು ನನಗೆ ಹಾಗೆ ಮಾಡ್ತಾಳೆ ಅಂತ ಎಣಿಸಿರಲಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಸಂತೋಷವಾಯಿತು. ಇದನ್ನೂ ಬರೆಯಬೇಕು — ಸಂತೋಷವಾಯಿತು. ಲೀಲಾಳ ಕೈಯ ನೀರನ್ನೂ ಯಾರೂ ಮುಟ್ಟದ ಹಾಗಾಯಿತು. ಅವಳ ಮನೆಯವರು ಜಾಗ ಬಿಟ್ಟು ಮೂಡುಬಿದಿರೆಯ ಕಡೆ ಹೋದರು.

ಆದರೆ ಗಿರಿಜಾ ನನ್ನವಳೂ ಆಗಲಿಲ್ಲ. ಚಾಪೆಯಲ್ಲಿ ಪಕ್ಕ ಕುಳಿತರೆ ತಡ್ಪೆ ಎತ್ತಿಕೊಂಡು ಸರಿಯುತ್ತಿದ್ದಳು. ಯಾರು ಮುಟ್ಟಿದರೂ ಬೆಚ್ಚುತ್ತಿದ್ದಳು. ಮುಂದಿನ ವರ್ಷ ನೆರಿಯದ ಮನೆಗೆ ಮದುವೆ ಮಾಡಿ ಕೊಟ್ಟರು. ಅವಳ ಗಂಡ ಒಳ್ಳೆಯ ಮನುಷ್ಯ. ಅವರಿಗೂ ನಾನು ಅನ್ಯಾಯ ಮಾಡಿದೆ, ಮಾತೇ ಇಲ್ಲದ ಹೆಂಡತಿಯೊಡನೆ ಬದುಕಿ ತೀರಿಹೋದರು. ನಡುವೆ ಮಂಗಳೂರಿನ ಮನಸ್ಸಿನ ಡಾಕ್ಟರರಿಗೂ ತೋರಿಸಿದರು. ನಿದ್ದೆ ಮಾತ್ರೆ ಕೊಟ್ಟರು.

ಶರೀರ ನೋಡಿದವರು, ಮನಸ್ಸು ನೋಡಿದವರು, ಕವಡೆ ನೋಡಿದವರು — ಯಾರೂ ಅವಳನ್ನು ಕೇಳಲಿಲ್ಲ. ಚೇತನ್, ನೀನು ಧರ್ಮ ಎಂದೆ. ನಾನು ಪೊಳಲಿಯಮ್ಮನ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ದೇವರು ಗಿರಿಜಾಳಲ್ಲಿ ದೋಷ ಹೇಳಿದ್ದು ನನಗೆ ಗೊತ್ತಿಲ್ಲ. ಹೇಳಿದವಳು ನಾನು, ಮನೆಯವರು ಅದನ್ನೇ ದೈವವಾಕ್ಯವೆಂದು ನಂಬಿದರು.

ಮದುವೆ ಮಾಡಿಸಿದ್ದಕ್ಕಿಂತ ದೊಡ್ಡ ತಪ್ಪು ಒಂದುಂಟು. ಲೀಲಾಳ ಮೇಲೆ ತನಗಿದ್ದ ಪ್ರೀತಿ ತನ್ನದಲ್ಲ, ಯಾರೋ ತಿನ್ನಿಸಿದ ವಿಷ ಎಂದು ಅವಳು ಇಂದಿಗೂ ತಿಳಿದಿದ್ದಾಳೆ. ಹೋದ ವರ್ಷ ನೆರಿಯದಲ್ಲಿ ಅವಳ ಪಕ್ಕ ಕುಳಿತಿದ್ದಾಗ, "ಆಗ ನೀವೆಲ್ಲ ಇದ್ದದ್ದಕ್ಕೆ ನಾನು ಉಳಿದೆ ಅತ್ತಿಗೇ," ಎಂದಳು. ನಾನು ಚಹಾ ಕುಡಿದು ಬಂದೆ.

ಬರುವ ಬುಧವಾರ ಮತ್ತೆ ಹೋಗುತ್ತೇನೆ. ಈ ಸಲ ಹೇಳಲಿಕ್ಕೆ. ಕ್ಷಮೆ ಕೇಳುವುದಿಲ್ಲ, ಅದು ನನಗೆ ಸಲ್ಲುವುದಲ್ಲ. ಲೀಲಾ ಬದುಕಿದ್ದಾಳೋ ಗೊತ್ತಿಲ್ಲ. ಧನ್ಯಾ, ಮೂಡುಬಿದಿರೆಯಲ್ಲಿ ವಿಚಾರಿಸು.

ನನ್ನ ನಾಲಗೆಯನ್ನು ನಾನೇ ನಂಬುವುದಿಲ್ಲ. ಗಿರಿಜಾಳ ಮುಖ ನೋಡಿ, ಕಾಲುನೋವಿನ ಮಾತಾಡಿ ಎದ್ದು ಬಂದರೂ ಬಂದೆ. ಹಾಗಾದರೆ ನನ್ನನ್ನು ಕೇಳಬೇಡಿ, ನಾನು ಹೇಳಿದೆನೆಂದರೂ ನಂಬಬೇಡಿ. ನೀವಿಬ್ಬರೂ ಹೋಗಿ ಅವಳಿಗೆ ಇದನ್ನು ಓದಿ ಹೇಳಿ. ಅವಳಿಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಅಲ್ಲಿಯವರೆಗೆ ಈ ಹಾಳೆಗಳನ್ನು ನನ್ನ ಕೈಗೆ ಸಿಗದ ಹಾಗೆ ಜೋಪಾನವಾಗಿಡಿ.