ಕಾಕಾನ ಬ್ಯಾಟರಿ

ಸೋನ್ಯಾಳದಲ್ಲಿ ನಮ್ಮ ಪಕ್ಕದ ಮನೆಯ ಕಿರಾಣಿ ಕಾಕಾ ತಮ್ಮ ಕಾರಿನ ಬ್ಯಾಟರಿಯನ್ನು ಎಂದೂ ನಂಬಿದವರಲ್ಲ. ದಿನಾ ಬೆಳಿಗ್ಗೆ ಕಾರು ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, ಬಂದ್ ಮಾಡುವರು. "ಇನ್ನೊಮ್ಮಿ ನೋಡ್ತೀನಿ," ಎನ್ನುವರು.

ಅವ್ವ ಜಾರಿ ಬಿದ್ದು ಕೈ ಮುರಿದುಕೊಂಡ ದಿನ ಅವರ ಕಾರಿನಲ್ಲೇ ಜತ್ತದ ದವಾಖಾನೆಗೆ ಹೊರಟೆವು. ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

"ಲಗೂನ ನಡ್ರಿ ಕಾಕಾ," ಎಂದೆ.

"ದಾರ್ಯಾಗ ಕೈ ಕೊಟ್ರ? ಇನ್ನೊಮ್ಮಿ ನೋಡ್ತೀನಿ," ಎಂದು ಬಂದ್ ಮಾಡಿದರು. ಆಮೇಲೆ ಅದು ಚಾಲೂ ಆಗಲೇ ಇಲ್ಲ.

ನನಗೆ ತಲೆ ಕೆಟ್ಟುಹೋಯಿತು. ಅವ್ವನೇ ಕೆಳಗಿಳಿದಳು. "ಕೈ ಮುರದೈತಿ, ಕಾಲಲ್ಲ. ನೂಕು," ಎಂದು ತಾನೂ ಹೆಗಲು ಕೊಟ್ಟಳು.

ಕಾರು ಚಾಲೂ ಆಯಿತು. ನಿಲ್ಲಿಸಿದರೆ ಮತ್ತೆ ಬಂದ್ ಆದೀತೆಂದು ಕಾಕಾ ನಿಲ್ಲಿಸದೇ ಹೋಗಿಬಿಟ್ಟರು. ನಾವು ಬಸ್ಸು ಹಿಡಿದು ಜತ್ತ ಮುಟ್ಟಿದಾಗ, ದವಾಖಾನೆಯ ಮುಂದೆ ಚಾಲೂ ಕಾರಿನಲ್ಲೇ ಕುಳಿತಿದ್ದರು.

"ಇಷ್ಟ ತಡಾ ಮಾಡಿದ್ರ ಹ್ಯಾಂಗ, ವೈನಿ?" ಎಂದು ಅವ್ವನನ್ನೇ ಕೇಳಿದರು.