ಹನ್ನೊಂದು ಗಾಜುಗಳ ಪುತಳಾಬಾಯಿ

ಬೆಳಗಿನ ಆರೂವರೆ. ಬೀದರ ಬಸ್ ನಿಲ್ದಾಣದ ಹಿಂದಿನ ಲಾಡ್ಜೊಂದರ ಮೂರನೇ ಮಹಡಿ. ಸಣ್ಣ ಕಿಟಕಿಯಿಂದ ಇಳಿದ ಎಳೆಬಿಸಿಲು ಸ್ನಾನದ ಗಾಜಿನ ಗೂಡಿನ ಮೇಲೆ ಬಿದ್ದಿದೆ. ಗಾಜೆಲ್ಲ ಮಂಜು ಕವಿದ ಹೊಲದ ಹಾಗೆ ಬೆಳ್ಳಗಿದೆ. ಅದರೊಳಗೆ ಬರಿಗಾಲಲ್ಲಿ ನಿಂತ ಪುತಳಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತು ವಾರೆ ಮಾಡಿ ನೋಡುತ್ತಾರೆ.

“ಎದುರಿಗಿ ನಿಂತ್ರ ಗಾಜಿನ ಕಲೆ ಕಾಣಂಗಿಲ್ರಿ. ಬಿಸಲಿಗಿ ಓರಿ ಮಾಡಿ ನೋಡ್ಬೇಕು. ಆಗ ಎಲ್ಲಾ ತೋರಸ್ತದ.”

ಕೈಯಲ್ಲಿ ಒಂದು ಬಾಟಲಿ: ಅರ್ಧ ನೀರು, ಅರ್ಧ ಅಡುಗೆಯ ವಿನೆಗರ್. ಅವರ ಬಾಯಲ್ಲಿ ಅದು ‘ಸಿರ್ಕಾ’. ಗಾಜಿನ ತುಂಬ ಅದನ್ನು ಚಿಮುಕಿಸಿ ಹತ್ತು ನಿಮಿಷ ಸುಮ್ಮನೆ ಕೂರುತ್ತಾರೆ. ಆಮೇಲೆ ಹಳೆ ಧೋತರದ ಮೆತ್ತನೆ ತುಂಡಿನಿಂದ ಒರೆಸಿ, ರಬ್ಬರಿನ ವೈಪರನ್ನು ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಎಳೆಯುತ್ತಾರೆ. ಬಿಳುಪು ಪಟ್ಟಿ ಪಟ್ಟಿಯಾಗಿ ಸರಿಯುತ್ತದೆ. ಆಚೆಗಿನ ಗೋಡೆ, ಕಿಟಕಿ, ಕಿಟಕಿಯಾಚೆಗಿನ ಆಕಾಶ ಒಂದೊಂದಾಗಿ ಒಳಗೆ ಬರುತ್ತವೆ.

ಮಳೆ ಕೈಕೊಟ್ಟು ಇದು ಮೂರನೇ ವರ್ಷ. ಲಾಡ್ಜಿನ ಕೊಳವೆಬಾವಿ ಹೋದ ವರ್ಷದ ಸಂಕ್ರಾಂತಿಗೇ ನಿಂತಿದೆ. ಟ್ಯಾಂಕರಿನಲ್ಲಿ ಬರುವುದು ಸವುಳು ನೀರು. ಒಬ್ಬರು ಮಿಂದು ಹೋದರೆ ಸಾಕು, ಗಾಜಿನ ಮೇಲೆ ಹನಿ ಹನಿಯೂ ಸುಣ್ಣದ ಚುಕ್ಕೆಯಾಗಿ ಒಣಗುತ್ತದೆ. ದಿನಕ್ಕೆ ಹನ್ನೊಂದು ಕೋಣೆ, ಹನ್ನೊಂದು ಗಾಜಿನ ಗೂಡು. ಎಲ್ಲಕ್ಕೂ ಸೇರಿ ಪುತಳಾಬಾಯಿ ಬಳಸುವ ನೀರು ಅರ್ಧ ಬಕೇಟು. ಭಾನುವಾರ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ಅಲ್ಲಿನ ಎರಡು ಹೊಸ ಮನೆಗಳ ಗಾಜನ್ನೂ ಒರೆಸಿ ಬರುತ್ತಾರೆ.

ಅವರ ಊರು ಔರಾದ ತಾಲ್ಲೂಕಿನ ಎಕಂಬಾ. ಕುರಿ ಸಾಕುವ ಮನೆತನ. ಮೇವು ತೀರಿದಾಗ ಗಂಡ ಮಡೆಪ್ಪ ಅರವತ್ತು ಕುರಿ ಹೊಡೆದುಕೊಂಡು ಗೋದಾವರಿ ದಂಡೆಯ ಕಡೆ ನಡೆದರು. ಪುತಳಾಬಾಯಿ ಬೀದರಿಗೆ ಬಂದು ಲಾಡ್ಜಿನಲ್ಲಿ ಕಸ ಗುಡಿಸಲು ಸೇರಿದರು. ಗಾಜು ಕೂಡಿಸಲು ಬಂದಿದ್ದ ಧೊಂಡಿಬಾ ಎಂಬ ಮೇಸ್ತ್ರಿ ಇವರ ಕೈಯ ನಯ ನೋಡಿ ಕೆಲಸ ಹೇಳಿಕೊಟ್ಟ. “ಇದಕ್ಕ ಸುತ್ತ ಚೌಕಟ್ಟಿಲ್ಲ ಅಕ್ಕಾ. ಎರಡು ಕಬ್ಜಾದ ಮ್ಯಾಲ ನಿಂತದ. ಗಾಜ ಒರಸೂ ಮುಂದ ಕಬ್ಜಾನೂ ಮುಟ್ಟಿ ನೋಡ್ತಿರು” ಎಂದಿದ್ದ. ಕಬ್ಜಾ ಎಂದರೆ ಬಾಗಿಲನ್ನು ಹಿಡಿದಿಡುವ ಉಕ್ಕಿನ ತಿರುಗಣೆ.

ಕಳೆದ ಬೇಸಿಗೆಯಲ್ಲಿ ಮ್ಯಾನೇಜರ್ ರಶೀದ ಅಹ್ಮದ ಅವರಿಗೆ ಈ ನಿಧಾನ ಸಾಕಾಯಿತು. ಪಾಯಖಾನೆ ತೊಳೆಯುವ ಆಸಿಡ್ ತರಿಸಿ, ಎರಡೇ ನಿಮಿಷಕ್ಕೆ ಕಲೆ ಹೋಗುತ್ತದೆ ಎಂದರು. ಪುತಳಾಬಾಯಿ ಬಾಟಲಿ ಮುಟ್ಟಲಿಲ್ಲ.

“ಗಾಜಿಗಿ ಏನಾಗ್ತದೋ ಗೊತ್ತಿಲ್ರಿ ಸಾಹೇಬ್ರ, ಕಬ್ಜಾ ತಿಂದ್ ಹಾಕ್ತದ.”

“ನೀ ಇಂಜಿನಿಯರ್ ಏನು?”

ಅಂದಿನಿಂದ ಗಾಜು ಬೇರೆಯವರ ಪಾಲಾಯಿತು. ಇವರ ಕೈಗೆ ಮತ್ತೆ ಪೊರಕೆ ಬಂತು. ನಾಲ್ಕು ತಿಂಗಳು ಓಣಿಯಂಥ ಪಡಸಾಲೆ ಗುಡಿಸುತ್ತ, ತೆರೆದ ಬಾಗಿಲುಗಳಿಂದ ತಮ್ಮ ಗಾಜುಗಳನ್ನು ನೋಡುತ್ತಿದ್ದರಂತೆ. ಗಾಜು ಥಳಥಳ ಹೊಳೆಯುತ್ತಿತ್ತು. ಕಬ್ಜಾ ಕಪ್ಪಾಗುತ್ತಿತ್ತು.

ಒಂದು ಬೆಳಿಗ್ಗೆ ಆರನೇ ಕೋಣೆಯಿಂದ ಚೀರಾಟ ಕೇಳಿಸಿತು. ಪೊರಕೆ ಒಗೆದು ಓಡಿದರು. ಒಳಗೆ ಮೀಯುತ್ತಿದ್ದವರು ಅನ್ವರಿ ಬೇಗಂ, ಮಗಳ ಊರಿಗೆ ಹೊರಟು ರಾತ್ರಿ ಇಲ್ಲಿ ತಂಗಿದ್ದ ಅರವತ್ತು ದಾಟಿದ ಹೆಂಗಸು. ಮೇಲಿನ ಕಬ್ಜಾ ಕಿತ್ತು, ಆಳೆತ್ತರದ ಗಾಜಿನ ಬಾಗಿಲು ಹೊರಕ್ಕೆ ವಾಲಿತ್ತು. ಮುದುಕಿ ಒಳಗಿನಿಂದ ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಪುತಳಾಬಾಯಿ ಭುಜ ಕೊಟ್ಟು ಗಾಜನ್ನು ಹೊತ್ತರು. ಹೊತ್ತವರೇ ಕಣ್ಣು ಮುಚ್ಚಿಕೊಂಡರು.

“ಆಪಾ, ಕೈ ಬಿಡ್ರಿ. ನಾ ಹಿಡದೀನಿ. ಕಣ್ ಮುಚ್ಚೇನಿ, ನಾಚಬ್ಯಾಡ್ರಿ.”

“ಖರೇನ ಮುಚ್ಚೀದಿ?”

“ಖರೇನ್ರಿ. ಎಡಕ ಸಂದಿ ಅದ. ಸಾವಕಾಶ ಹೊರಗ ಬರ್ರಿ.”

ಮುದುಕಿ ಹೊರಬಂದು, ಬಟ್ಟೆ ಸುತ್ತಿಕೊಂಡು, ಜನರನ್ನು ಕೂಗಿ ಕರೆದು, ಅವರು ಹಾಸಿಗೆ ತಂದು ಗಾಜನ್ನು ಅದರ ಮೇಲೆ ಮಲಗಿಸುವಷ್ಟರಲ್ಲಿ ಕಾಲು ಗಂಟೆ. ಅಷ್ಟು ಹೊತ್ತೂ ಪುತಳಾಬಾಯಿ ಕಣ್ಣು ತೆರೆಯಲಿಲ್ಲ. ಕಾಲಡಿ ಬೆಚ್ಚನೆಯ ನೀರು ಹರಿಯುತ್ತಿತ್ತು, ಸಾಬೂನಿನ ವಾಸನೆ ಬರುತ್ತಿತ್ತು. ಭುಜದ ಭಾರ ಗಬ್ಬದ ಕುರಿಯನ್ನು ಹೊತ್ತಂತೆ ಇತ್ತು. “ಎಕಂಬಾದ ಮಾಳ ಕಂಡಂಗಾಯ್ತ್ರಿ. ಹಸರಂದ್ರ ಹಸರು. ನಮ್ಮವರು ಮುಂದ, ಕುರಿ ಹಿಂದ. ನಾನೂ ಒಂದು ಕುರಿ ಹೊತ್ಕೊಂಡು ಹೊಂಟಿದ್ದೆ. ಭಾರ ಗೊತ್ತೇ ಆಗ್ಲಿಲ್ಲ” ಎನ್ನುತ್ತಾರೆ.

ಅನ್ವರಿ ಬೇಗಂ ಹೋಗುವ ಮುನ್ನ ಇವರ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ರಶೀದ ಅಹ್ಮದ ಆಸಿಡ್ಡಿನ ಬಾಟಲಿಗಳನ್ನೆಲ್ಲ ಹೊರಗೆ ಹಾಕಿಸಿದರು. “ತಪ್ಪು ನಂದೇ. ಅಕೀ ಹೇಳಿದ್ಲು, ನಾ ಕೇಳ್ಲಿಲ್ಲ” ಎಂದು ಈಗಲೂ ಯಾರ ಮುಂದೆ ಬೇಕಾದರೂ ಹೇಳುತ್ತಾರೆ. ಹನ್ನೊಂದೂ ಬಾಗಿಲಿಗೆ ಹೊಸ ಕಬ್ಜಾ ಬಂದಿವೆ. ಸ್ಕ್ರೂ ಬಿಗಿ ಮಾಡುವ ಸಣ್ಣ ಪಾನಾ ಪುತಳಾಬಾಯಿಯ ಸೊಂಟದಲ್ಲಿದೆ.

ಮೊನ್ನೆ ಮಡೆಪ್ಪ ಫೋನು ಮಾಡಿದ್ದರಂತೆ. ಕುರಿ ಈದಿವೆ, ಆಕಾಶದಲ್ಲಿ ಮೋಡವಿದೆ, ಮೊದಲ ಮಳೆಗೆ ಹೊರಡುತ್ತೇನೆ ಎಂದರಂತೆ. ನಿಮಗೀಗ ಬೇಕಾದದ್ದು ಏನು ಎಂದು ಕೇಳಿದರೆ ಪುತಳಾಬಾಯಿ ವೈಪರನ್ನು ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡುತ್ತಾರೆ.

“ಅವರಿಗಿ ಒಂದ್ ಸಲ ಇಲ್ಲಿಗಿ ಕರಕೊಂಡ್ ಬರ್ಬೇಕ್ರಿ. ನಾ ಒರಸಿದ್ದು ನೋಡ್ರಿ ಅಂತೇನಿ. ‘ಗಾಜ ಎಲ್ಲಿ ಅದ?’ ಅಂತ ಕೇಳ್ಬೇಕು ಅವರು. ಅಷ್ಟೇ ಸಾಕು.”