ಗುರುಗಳಿರುವ ಫೋನಿನಲ್ಲಿ ಜಾಗವಿಲ್ಲ

ಅಂಗನವಾಡಿ ಹಾಜರಿಯ ಆ್ಯಪನ್ನು ಸಂಜೆಯೊಳಗೆ ಹಾಕಿಕೊಳ್ಳದಿದ್ದರೆ ನನಗೆ ನೋಟಿಸ್ ಎಂದು ಮೇಲಿನವರು ಹೇಳಿದ್ದರು. ಫೋನಿನಲ್ಲಿ ಜಾಗವೇ ಇರಲಿಲ್ಲ. ಆಳಂದದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡುವ ರಫೀಕ್‌ಭಾಯಿ ನೋಡಿ ನಕ್ಕ.

"ಅಕ್ಕೋರೆ, ಬರೇ ಗುರುಗಳ ಫೋಟೋನೇ ತುಂಬ್ಯಾವಲ್ರಿ. ಅಳಸ್ಲೇನ್ರಿ?"

"ಶಿವ ಶಿವಾ! ದಿನಾ ಮುಂಜಾನಿ ಮಠದ ಗ್ರೂಪಿನಾಗ ಬರೋ ದರ್ಶನ ಅದು. ಅಳಿಸಿದ್ರ ಪಾಪ ಬರ್ತದ."

"ಹಂಗಾರ ರೂಟ್ ಮಾಡ್ತೇನ್ರಿ, ಅಂದ್ರ ಕಂಪನಿಯವ್ರು ಫೋನಿಗೆ ಹಾಕಿದ ಬೀಗ ಮುರಿಯೋದ್ರಿ. ಕಂಪನಿಯವ್ರು ಮೊದಲೇ ತುಂಬಿದ ಬ್ಯಾಡಾದ ಆ್ಯಪ್ ಕಿತ್ತಿ ಒಗೀಲಿಕ್ಕೆ ಬರ್ತದ."

ಫೋಟೋಗಳನ್ನು ಜೋಪಾನವಾಗಿ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ರೂಟ್ ಮಾಡಿ, ಬೇಡದ ಆ್ಯಪ್‌ಗಳನ್ನು ಕಿತ್ತು, ಗುರುಗಳನ್ನು ಮರಳಿ ಕೂರಿಸಿದ. ಹಾಜರಿಯ ಆ್ಯಪಿಗೂ ಜಾಗವಾಯಿತು. ತೆರೆದರೆ, 'ಈ ಫೋನ್ ರೂಟ್ ಆಗಿದೆ, ನಂಬಲಾಗದು' ಎಂದು ಮುಚ್ಚಿಕೊಂಡಿತು.

ಅಂಗನವಾಡಿಯ ತಕ್ಕಡಿ ಕೆಟ್ಟಿದ್ದರೂ ನಾನು ಬರೆದ ಮಕ್ಕಳ ತೂಕವನ್ನೆಲ್ಲ ನಂಬುವ ಮೇಲಿನವರಿಗೆ ನನ್ನ ಫೋನಿನ ಮೇಲೆ ನಂಬಿಕೆ ಬರಲಿಲ್ಲ. ನೋಟಿಸು ವಾಟ್ಸ್ಯಾಪಿಗೇ ಬಂತು. ಗುರುಗಳ ದಯೆ, ಈಗ ಅದನ್ನಿಡಲು ಬೇಕಾದಷ್ಟು ಜಾಗವಿದೆ.